ಕೈಗುಣ

ಕನ್ನಡದಲ್ಲಿ ಕೈಗುಣವೆಂಬುದು ದೊಡ್ಡ ಮಾತು. ವೈದ್ಯನಿಗೆ ಕೈಗುಣವಿದ್ದರೆ ರೋಗ ಇಳಿಯುತ್ತದೆ, ಒಕ್ಕಲಿಗನಿಗೆ ಕೈಗುಣವಿದ್ದರೆ ನೆಟ್ಟ ಸಸಿ ಹತ್ತುತ್ತದೆ, ಗೃಹಿಣಿಗೆ ಕೈಗುಣವಿದ್ದರೆ ಅಡುಗೆಗೆ ರುಚಿ ಬರುತ್ತದೆ. ಈ ಮಾತಿನ ಇನ್ನೊಂದು ಮಗ್ಗುಲು ಇಷ್ಟು ಸೌಮ್ಯವಲ್ಲ. ರೋಗ ಇಳಿಯದಿದ್ದರೆ ವೈದ್ಯನನ್ನು ಬದಲಿಸಬಹುದು. ಸಸಿ ಒಣಗಿದರೆ ಮಳೆಯನ್ನು ದೂರಬಹುದು. ಬೇಳೆ ಬೇಯದಿದ್ದರೆ ಮಾತ್ರ ಬೇಯಿಸಿದವಳ ಕೈಯೇ ದೋಷಿ. ಮಿರಜದ ಒಂದು ಕನ್ನಡ ಮನೆಯಲ್ಲಿ ಈ ತೀರ್ಪು ಐದು ವರ್ಷಗಳ ಕಾಲ ಜಾರಿಯಲ್ಲಿತ್ತು.

ಆ ಮನೆಯ ಸೊಸೆ ಶಿರಸಿಯ ಕಡೆಯವಳು. ಗುಡ್ಡದಿಂದ ಇಳಿಯುವ ಅಬ್ಬಿಯ ನೀರು ಅಡಕೆ ಮರದ ದಬ್ಬೆಗಳಲ್ಲಿ ಹರಿದು ಹಿತ್ತಿಲ ಕಲ್ಲುಮರಿಗೆಗೆ ಹಗಲಿರುಳು ಬೀಳುವಂಥ ಮನೆಯಲ್ಲಿ ಹುಟ್ಟಿ ಬೆಳೆದವಳು. ನೀರಿಗೂ ಒಂದು ಸ್ವಭಾವವಿರುತ್ತದೆಯೆಂದು ಆಕೆ ಎಂದೂ ಯೋಚಿಸಿದವಳಲ್ಲ. ಗಾಳಿಯ ಬಗ್ಗೆ ಯೋಚಿಸದವರು ನೀರಿನ ಬಗ್ಗೆ ಏಕೆ ಯೋಚಿಸಬೇಕು? 2014 ರಲ್ಲಿ ಮದುವೆಯಾಗಿ ಮಿರಜಕ್ಕೆ ಬಂದಳು. ಗಂಡ ರೈಲ್ವೆಯಲ್ಲಿ ನೌಕರ. ಮಾವ ಕನ್ನಡ ಶಾಲೆಯ ನಿವೃತ್ತ ಶಿಕ್ಷಕರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡ ಪ್ರಾಧ್ಯಾಪಕರಾಗಿದ್ದ ದಿನಗಳಲ್ಲಿ ಓದಿದವರು. ಅತ್ತೆ ಉಗಾರದ ಕಡೆಯ ಹೊಳೆಸಾಲಿನ ಹಳ್ಳಿಯವರು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಮರಾಠಿ. ಒಳಗಿನ ಕನ್ನಡವೂ ಸೊಸೆಗೆ ಅರ್ಧ ಹೊಸದು. ತವರಿನಲ್ಲಿ ಕಾಯಿಲೆ ಎನ್ನುವುದನ್ನು ಇಲ್ಲಿ ಜಡ್ಡು ಎನ್ನುತ್ತಿದ್ದರು. ನೆರೆಯ ಮರಾಠಿ ಹೆಂಗಸು ಮೊದಲ ವಾರವೇ ಬಂದು, ಇಲ್ಲಿಯ ಬೋರಿನ ನೀರು ಬಹಳ ಜಡ ಎಂದಾಗ ಆಕೆ ಆ ನೀರಿನಲ್ಲಿ ಯಾವುದೋ ರೋಗವಿದೆಯೆಂದು ತಿಳಿದು ಹೆದರಿದ್ದಳು. ಜಡವೆಂದರೆ ಭಾರ, ಜೀರ್ಣಿಸಿಕೊಳ್ಳಲು ಕಷ್ಟ ಎಂದು ಗಂಡ ವಿವರಿಸಿದ ಮೇಲೆ ಹೆದರಿಕೆ ಹೋಯಿತು. ಅದರೊಡನೆ ಆ ಎಚ್ಚರಿಕೆಯ ಮಾತೂ ಮರೆತುಹೋಯಿತು.

ಮನೆಯ ನೀರಿನ ವ್ಯವಸ್ಥೆ ಆ ಊರಿನ ಬಹುಪಾಲು ಮನೆಗಳದ್ದೇ. ಬೆಳಗಿನ ಜಾವ ನಿಯತ ಹೊತ್ತಿಗೆ ನಗರದ ನಲ್ಲಿಯಲ್ಲಿ ಕೃಷ್ಣೆಯ ನೀರು ಬರುತ್ತಿತ್ತು. ಅದು ಸಾಲದೆಂದು ಅಂಗಳದಲ್ಲಿ ಕೊಳವೆಬಾವಿ ಇತ್ತು. ಅದರ ನೀರು ಮಾಳಿಗೆಯ ತೊಟ್ಟಿಗೆ ಏರಿ, ಅಲ್ಲಿಂದ ಬಚ್ಚಲಿಗೂ ಅಡುಗೆಮನೆಗೂ ಇಳಿಯುತ್ತಿತ್ತು. ನಲ್ಲಿಗಳು ಎರಡು, ನೋಡಲು ಒಂದೇ ಬಗೆ. ಅತ್ತೆ ಬೆಳಗಿನ ಜಾವ ಎದ್ದು, ಸ್ನಾನ ಮಾಡಿ, ಹೊಳೆಯ ನೀರನ್ನು ಒಂದು ತಾಮ್ರದ ಕೊಡದಲ್ಲಿ ಹಿಡಿದು, ಮುಚ್ಚಿ ದೇವರ ಗೂಡಿನ ಪಕ್ಕದಲ್ಲಿ ಇಡುತ್ತಿದ್ದರು. ಅವರ ಪೂಜೆ, ಅವರ ಅಡುಗೆ ಎರಡೂ ಆ ಕೊಡದಿಂದಲೇ. ಸೊಸೆ ಅದನ್ನು ದೇವರ ನೀರೆಂದು ತಿಳಿದಳು. ಮುಟ್ಟಬಾರದೆಂದು ಯಾರೂ ಹೇಳಲಿಲ್ಲ, ಮುಟ್ಟಬಹುದೆಂದೂ ಹೇಳಲಿಲ್ಲ. ಅಡುಗೆಮನೆ ತನ್ನ ಪಾಲಿಗೆ ಬಂದ ದಿನ ಆಕೆ ವಿನಯದಿಂದಲೇ ಆ ಕೊಡವನ್ನು ಬಿಟ್ಟು, ಕಟ್ಟೆಯ ಮೇಲಿನ ನಲ್ಲಿಯನ್ನು ತಿರುಗಿಸಿದಳು.

ಅಂದು ತೊಗರಿಬೇಳೆ ಬೇಯಲಿಲ್ಲ. ಕುಕ್ಕರು ಆರು ಸಲ ಕೂಗಿದ ಮೇಲೂ ಬೇಳೆ ಬೇಳೆಯಾಗಿಯೇ ಉಳಿದು, ಸಾರಿನ ತಿಳಿಯೊಂದು ಕಡೆ ಕಾಳೊಂದು ಕಡೆ ನಿಂತವು. ಅತ್ತೆ ಕೆಟ್ಟವರಲ್ಲ, ನಗುತ್ತಲೇ ಹೇಳಿದರು: “ನಿನ್ನ ಕೈಯಾಗ ಬ್ಯಾಳಿ ಬೇಯಂಗಿಲ್ಲ ನೋಡವಾ.” ಕನ್ನಡ ಬಲ್ಲವರಿಗೆ ಆ ಮಾತಿಗೆ ಎರಡು ಅರ್ಥ. ಬೇಳೆ ಬೇಯದಿರುವುದೆಂದರೆ ಒಲೆಯ ಮೇಲಿನ ಸಂಗತಿ ಮಾತ್ರವಲ್ಲ; ಇಲ್ಲಿ ನಿನ್ನ ಆಟ ನಡೆಯದು, ನಿನಗಿಲ್ಲಿ ನೆಲೆಯಿಲ್ಲ ಎಂಬುದಕ್ಕೂ ಅದೇ ನುಡಿಗಟ್ಟು. ಅತ್ತೆ ಮೊದಲ ಅರ್ಥದಲ್ಲಿ ಆಡಿದ ಮಾತು ಸೊಸೆಗೆ ಎರಡನೆಯ ಅರ್ಥದಲ್ಲಿ ತಾಗಿತು.

ಅನಂತರ ಆರೋಪಗಳ ಪಟ್ಟಿ ಬೆಳೆಯಿತು. ಚಹದ ಮೇಲೆ ಕೆನೆಯಲ್ಲದ ಕೆನೆಯೊಂದು ತೇಲುತ್ತಿತ್ತು. ತೊಳೆದಿಟ್ಟ ಸ್ಟೀಲಿನ ಲೋಟಗಳು ಒಣಗಿದ ಮೇಲೆ ಬೂದಿ ಬಳಿದಂತೆ ಕಾಣುತ್ತಿದ್ದವು. ಬಂದವರಿಗೆ ಅಂಥ ಲೋಟದಲ್ಲಿ ನೀರು ಕೊಡುವಾಗ ಮನೆಯ ಮಾನವೇ ಮಸುಕಾದಂತೆ. ಮಾವನ ಬಿಳಿ ಪಂಚೆ ತಿಂಗಳೊಪ್ಪತ್ತಿನಲ್ಲಿ ಕಂದಿ, ಹಪ್ಪಳದಂತೆ ಸೆಟೆಯಿತು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಏಳದು. ಎದ್ದದ್ದು ಬಕೀಟಿನ ಅಂಚಿಗೆ ಗಸಿಯಾಗಿ ಅಂಟುವುದು. ಗೀಜರಿನ ಸುರುಳಿ ಎರಡನೆಯ ವರ್ಷ ಸುಟ್ಟುಹೋಯಿತು. ಬಿಚ್ಚಿ ನೋಡಿದ ರಿಪೇರಿಯವನು ಅದರ ಮೇಲಿಂದ ಹಿಡಿಯಷ್ಟು ಬಿಳಿ ಹಕ್ಕಳೆ ಕೆರೆದು ತೆಗೆದ. ಮೊಣಕಾಲು ಮುಟ್ಟುತ್ತಿದ್ದ ಆಕೆಯ ಕೂದಲು ಒರಟಾಗಿ, ಬಾಚಣಿಗೆಗೆ ಸಿಕ್ಕಿ ತುಂಡಾಗತೊಡಗಿತು. ತವರಿಗೆ ಹೋದಾಗ ತಾಯಿ ಕೂದಲನ್ನು ಮುಟ್ಟಿ ನೋಡಿ, ಏನೂ ಕೇಳದೆ, ಮತ್ತಿಸೊಪ್ಪಿನ ಗಂಪು ಹಚ್ಚಿ ಅಬ್ಬಿಯ ನೀರು ಹೊಯ್ದಳು. ಮಗಳು ಸುಖವಾಗಿಲ್ಲವೆಂದು ಆ ತಾಯಿ ತಿಳಿದಳು. ತಾಯಿ ಹಾಗೆ ತಿಳಿದಳೆಂದು ಮಗಳಿಗೂ ತಿಳಿಯಿತು. ಇಲ್ಲವೆಂದು ಹೇಳಲು ಆಕೆಯ ಬಳಿ ಯಾವ ಪುರಾವೆಯೂ ಇರಲಿಲ್ಲ.

ಆಕೆ ಬೇಳೆಯ ಅಂಗಡಿ ಬದಲಿಸಿದಳು, ಕುಕ್ಕರಿನ ರಬ್ಬರು ಬದಲಿಸಿದಳು, ರಾತ್ರಿಯೇ ನೆನೆಯಿಟ್ಟಳು. ಅತ್ತೆ ಒಮ್ಮೊಮ್ಮೆ ಕನಿಕರದಿಂದ ತಾವೇ ಬೇಳೆಗಿಟ್ಟಾಗ ಅದು ಬೆಣ್ಣೆಯಂತೆ ಬೇಯುತ್ತಿತ್ತು. ಅದೇ ಬೇಳೆ, ಅದೇ ಕುಕ್ಕರು, ಅದೇ ಒಲೆ. ಉಳಿದದ್ದು ಕೈಯೊಂದೇ. ಇದಕ್ಕಿಂತ ಬಲವಾದ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಬೇಕು? ಕೊನೆಗೆ ಸೊಸೆಯೂ ಅದನ್ನು ನಂಬಿದಳು.

2016 ರ ಬೇಸಗೆಯಲ್ಲಿ ಒಮ್ಮೆ ಆಕೆ ಬಾಯಿಬಿಟ್ಟು, ಈ ಊರಿನ ನೀರು ತನಗೆ ಒಗ್ಗಲಿಲ್ಲವೆಂದು ಗಂಡನಿಗೆ ಹೇಳಿದಳು. ಅವು ಮಿರಜದ ನಿಲ್ದಾಣ ದೇಶದ ಕಣ್ಣಿಗೆ ಬಿದ್ದ ದಿನಗಳು. ಲಾತೂರಿನಲ್ಲಿ ಕುಡಿಯಲು ನೀರಿಲ್ಲವೆಂದು, ಕೃಷ್ಣೆಯ ನೀರನ್ನು ಮಿರಜದಲ್ಲಿ ರೈಲಿಗೆ ತುಂಬಿ ಕಳಿಸುತ್ತಿದ್ದರು. ರಾಜಸ್ಥಾನದ ಕೋಟಾದಲ್ಲಿ ತೊಳೆದು ತಂದ ಟ್ಯಾಂಕರ್ ವ್ಯಾಗನ್ನುಗಳು. ಒಂದೊಂದರಲ್ಲಿ ಸುಮಾರು 50 ಸಾವಿರ ಲೀಟರ್. ಏಪ್ರಿಲ್ 11 ರಂದು ಹೊರಟ 10 ವ್ಯಾಗನ್ನುಗಳ ಮೊದಲ ಗಾಡಿ ಸುಮಾರು 340 ಕಿಲೋಮೀಟರ್ ಕ್ರಮಿಸಿ ಮರುದಿನ ಬೆಳಗಿನ ಜಾವ ಲಾತೂರು ಸೇರಿತು. ಮುಂದೆ 50 ವ್ಯಾಗನ್ನುಗಳ ಗಾಡಿಗಳು ಓಡಿದವು. ಜಲದೂತವೆಂದು ಅದಕ್ಕೆ ಹೆಸರು. ಇರುಳು ಪಾಳಿ ಮುಗಿಸಿ ಬಂದಿದ್ದ ಗಂಡ ದಣಿದ ದನಿಯಲ್ಲಿ, “ಅಲ್ಲಿ ನೀರೇ ಇಲ್ಲ, ನಾವು ಇದ್ದ ನೀರಿಗೆ ಹೆಸರು ಇಡಾಕತ್ತೀವಿ” ಎಂದ. ಕಳಿಸುತ್ತಿರುವುದು ಒಳ್ಳೆಯ ಹೊಳಿ ನೀರು ಎಂದೂ ಸೇರಿಸಿದ. ಸೊಸೆ ನಾಚಿ ಸುಮ್ಮನಾದಳು. ದೊಡ್ಡ ದುಃಖವೊಂದರ ಪಕ್ಕದಲ್ಲಿ ಇಟ್ಟರೆ ಸಣ್ಣ ದುಃಖ ಕಾಣದಾಗುತ್ತದೆ, ಇಲ್ಲದಾಗುವುದಿಲ್ಲ. ಗಂಡನ ಆ ಕೊನೆಯ ಮಾತಿನಲ್ಲಿ, ಹೊಳೆಯ ನೀರು ಬೇರೆ ಬೋರಿನ ನೀರು ಬೇರೆ ಎಂಬುದರಲ್ಲಿ, ತನ್ನ ಬಿಡುಗಡೆ ಅಡಗಿದೆಯೆಂದು ಅಂದು ಆಕೆಗೆ ಹೊಳೆಯಲಿಲ್ಲ.

ಅದು ಹೊಳೆದದ್ದು 2019 ರ ಆಗಸ್ಟಿನಲ್ಲಿ. ಸಾಂಗಲಿಯ ಅಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. ಆ ವಾರ ನೀರು 57 ಅಡಿ ಮುಟ್ಟಿತು. ಸಾಂಗಲಿಯ ಗಾವಭಾಗದಲ್ಲಿದ್ದ ನೆಂಟರು ಉಟ್ಟ ಬಟ್ಟೆಯಲ್ಲಿ ಮಿರಜದ ಈ ಮನೆಗೆ ಬಂದರು. ಮನೆಯಲ್ಲೀಗ ಹನ್ನೊಂದು ಜನ. ಕಣ್ಣು ಹಾಯುವವರೆಗೆ ನೀರು. ಆದರೆ ಬೆಳಗಿನ ನಲ್ಲಿ ನಿಂತುಹೋಗಿತ್ತು. ತಾಮ್ರದ ಕೊಡ ಬರಿದಾಗಿ ದೇವರ ಗೂಡಿನ ಪಕ್ಕದಲ್ಲಿ ಬೋರಲಾಗಿತ್ತು. ಇಷ್ಟು ಜನಕ್ಕೆ, ಅದೂ ಕಷ್ಟದಲ್ಲಿ ಬಂದವರಿಗೆ, ಅಡುಗೆ ಕೆಡಬಾರದೆಂದು ಅತ್ತೆ ಸೊಸೆಯನ್ನು ಸರಿಸಿ ತಾವೇ ಒಲೆಯ ಮುಂದೆ ನಿಂತರು. ತೊಟ್ಟಿಯ ನೀರಿನಲ್ಲಿ ಬೇಳೆಗಿಟ್ಟರು.

ಬೇಳೆ ಬೇಯಲಿಲ್ಲ.

ಅತ್ತೆ ಕುಕ್ಕರಿನ ಮುಚ್ಚಳ ತೆಗೆದು, ಸೌಟಿನಿಂದ ಎತ್ತಿ, ಬೆರಳಿನಿಂದ ಹಿಚುಕಿ ನೋಡಿದರು. ಮತ್ತೊಮ್ಮೆ ಒಲೆಗೇರಿಸಿದರು. ಮತ್ತೆ ಹಾಗೆಯೇ. ನಲವತ್ತೈದು ವರ್ಷ ಅಡುಗೆ ಮಾಡಿದ ಆ ಹೆಂಗಸು ತಮ್ಮ ಎರಡೂ ಅಂಗೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಂಡರು. ಸೊಸೆ ಅದನ್ನು ಬಾಗಿಲಲ್ಲಿ ನಿಂತು ಕಂಡಳು. ಆ ನೋಟ ಆಕೆಗೆ ಪರಿಚಿತವಾಗಿತ್ತು. ಐದು ವರ್ಷ ತಾನು ತನ್ನ ಕೈಗಳನ್ನು ನೋಡಿಕೊಂಡದ್ದು ಹಾಗೆಯೇ. ಗೆದ್ದೆನೆಂಬ ಭಾವ ಬರಬೇಕಾಗಿದ್ದ ಗಳಿಗೆ ಅದು. ಬರಲಿಲ್ಲ.

ಹೊರಗೆ ಮಳೆ ಸುರಿಯುತ್ತಿತ್ತು. ತವರಿನ ಅಭ್ಯಾಸದಂತೆ ಆಕೆ ಹಿಂದಿನ ದಿನದಿಂದಲೇ ಮಾಳಿಗೆಯ ದೋಣಿಯ ಕೆಳಗೆ ಪಾತ್ರೆಗಳನ್ನು ಒಡ್ಡಿ, ಮೊದಲ ನೀರನ್ನು ಚೆಲ್ಲಿ, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಹಿಡಿದಿದ್ದಳು. ಕುಡಿಯುವ ನೀರು ಸಾಲದಿದ್ದರೆ ಕುದಿಸಿ ಕೊಡಬಹುದೆಂಬ ಎಣಿಕೆ. ಆ ನೀರನ್ನು ಕುಕ್ಕರಿಗೆ ಹೊಯ್ದು, ಹೊಸದಾಗಿ ಬೇಳೆ ಹಾಕಿ ಒಲೆಗಿಟ್ಟಳು. ನಾಲ್ಕನೆಯ ಕೂಗಿಗೆ ಇಳಿಸಿದಳು. ಬೇಳೆ ಕರಗಿ, ಅರಿಸಿನದ ಬಣ್ಣಕ್ಕೆ ಒಂದಾಗಿ ಕೂಡಿಕೊಂಡಿತ್ತು. ಅತ್ತೆ ಸೌಟಿನಲ್ಲಿ ಎತ್ತಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಕೈ ಅಲ್ಲ ಇದು. ನೀರು.”

ಪ್ರವಾಹ ಇಳಿದು ನಲ್ಲಿ ಮರಳಿ ಬಂದ ಮೇಲೆ ಮಾವ ಅದನ್ನು ಶಾಲಾಮಾಸ್ತರರ ಶಿಸ್ತಿನಿಂದ ಪರೀಕ್ಷಿಸಿದರು. ಮೂರು ಗಾಜಿನ ಸೀಸೆಗಳಲ್ಲಿ ಮಳೆಯ ನೀರು, ಕೊಡದ ನೀರು, ಬೋರಿನ ನೀರನ್ನು ಸಮವಾಗಿ ತುಂಬಿ, ಬಟ್ಟೆ ಒಗೆಯುವ ಪುಡಿಯನ್ನಲ್ಲ, ಮೈಸಾಬೂನಿನ ಒಂದೊಂದು ಚೂರನ್ನು ಹಾಕಿ ಕುಲುಕಿದರು. ಮಳೆಯ ನೀರಿನಲ್ಲಿ ನೊರೆ ಸೀಸೆಯ ಕೊರಳಿಗೇರಿತು. ಕೊಡದ ನೀರಿನಲ್ಲಿ ಅರ್ಧಕ್ಕೆ ನಿಂತಿತು. ಬೋರಿನ ನೀರು ಹಾಲು ಒಡೆದಂತೆ ಕದಡಿ, ಗಸಿ ತೇಲಿತು.

ಇದರ ಹಿಂದಿನ ಕಾರಣ ಆ ನೆಲದಷ್ಟೇ ಹಳೆಯದು. ದಖ್ಖನದ ಈ ಬಯಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ಹೆಪ್ಪುಗಟ್ಟಿದ ಕರಿಗಲ್ಲಿನ ಹಾಸು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಕಲ್ಲಿನೊಳಗಿನ, ಎರೆಮಣ್ಣಿನ ಸುಣ್ಣದ ಗಂಟುಗಳೊಳಗಿನ ಕ್ಯಾಲ್ಸಿಯಮ್ಮನ್ನೂ ಮೆಗ್ನೀಸಿಯಮ್ಮನ್ನೂ ಕರಗಿಸಿಕೊಂಡು ಆಳಕ್ಕಿಳಿಯುತ್ತದೆ. ಕೊಳವೆಬಾವಿ ಮೇಲೆತ್ತುವುದು ಆ ನೀರನ್ನು. ಮಲೆನಾಡಿನಲ್ಲಿ ಅಗಾಧ ಮಳೆ ಯುಗಯುಗಗಳಿಂದ ಮಣ್ಣಿನ ಸುಣ್ಣವನ್ನು ತೊಳೆದು ಒಯ್ದಿರುವುದರಿಂದ ಅಬ್ಬಿಯ ನೀರಿಗೆ ಕರಗಿಸಿಕೊಳ್ಳಲು ಏನೂ ಹೆಚ್ಚು ಉಳಿದಿಲ್ಲ. ಒಂದೇ ಆಕಾಶದ ನೀರು. ಹಾದುಬಂದ ನೆಲ ಬೇರೆ.

ಗಡಸು ನೀರನ್ನು ಕಾಯಿಸಿದಾಗ ಬೈಕಾರ್ಬೊನೇಟಿನ ರೂಪದಲ್ಲಿ ಕರಗಿದ್ದ ಸುಣ್ಣ ಮತ್ತೆ ಘನವಾಗಿ ಪಾತ್ರೆಯ ತಳಕ್ಕೂ ಗೀಜರಿನ ಸುರುಳಿಗೂ ಕಟ್ಟಿಕೊಳ್ಳುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡದ ಕಾರಣ ಸುರುಳಿ ತನ್ನ ಬಿಸಿಗೆ ತಾನೇ ಸುಡುತ್ತದೆ. ಇದು ತಾತ್ಕಾಲಿಕ ಗಡಸುತನ; ಸಲ್ಫೇಟು ಕ್ಲೋರೈಡುಗಳಿಂದಾದ ಶಾಶ್ವತ ಗಡಸುತನ ಕುದಿಸಿದರೂ ಹೋಗದು. ಸಾಬೂನಿನೊಡನೆ ಕ್ಯಾಲ್ಸಿಯಂ ಕೂಡಿದರೆ ಕರಗದ ಗಸಿ. ಅದೇ ಗಸಿ ಪಂಚೆಯ ಎಳೆಗೂ ಕೂದಲಿನ ಎಳೆಗೂ ಅಂಟಿ ಎರಡನ್ನೂ ಒರಟಾಗಿಸುತ್ತದೆ. ಇನ್ನು ಬೇಳೆ: ಅದರ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಅಂಟು ಪೆಕ್ಟಿನ್. ಬೇಯುವುದೆಂದರೆ ಆ ಅಂಟು ಬಿಡುವುದು. ಕ್ಯಾಲ್ಸಿಯಂ ಆ ಪೆಕ್ಟಿನ್ನಿಗೆ ಬೆಸೆದುಕೊಂಡು ಅದನ್ನು ಬಿಗಿಯುತ್ತದೆ. ಭಾರತೀಯ ಮಾನಕ ಬ್ಯೂರೋ 2012 ರಲ್ಲಿ ಪರಿಷ್ಕರಿಸಿದ ಪ್ರಮಾಣದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ಆಸರೆಯಿಲ್ಲದಿದ್ದರೆ 600 ರವರೆಗೆ ಸಹಿಸಬಹುದು. ಇಂಥ ನೀರು ವಿಷವಲ್ಲ. ಕುಡಿದವರ ದೇಹಕ್ಕಿಂತ ಅದು ಹೆಚ್ಚು ಕಾಡುವುದು ಮನೆಗೆಲಸ ಮಾಡುವವರ ದಿನವನ್ನು.

ಸೀಸೆಗಳ ಪರೀಕ್ಷೆ ನಡೆದ ಸಂಜೆ ಅತ್ತೆ ಹಿತ್ತಿಲಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ತಾಮ್ರದ ಹಂಡೆಯನ್ನು ಉರುಳಿಸಿ ಸೊಸೆಗೆ ಅದರ ಒಳಮೈ ತೋರಿಸಿದರು. ಬೆರಳು ದಪ್ಪದ ಸುಣ್ಣದ ಪದರ, ಮರದ ಕಾಂಡದ ಉಂಗುರಗಳಂತೆ ಸುತ್ತಿನ ಮೇಲೆ ಸುತ್ತು. ಅಲ್ಲಲ್ಲಿ ಉಳಿಯಿಂದ ಕೆತ್ತಿದ ಗುರುತು. ತಾವು ಮದುವೆಯಾಗಿ ಬಂದಾಗ ಮನೆಗೆ ಬಾವಿಯೊಂದೇ ಆಸರೆಯಾಗಿತ್ತು; ಹಂಡೆಯಲ್ಲಿ ನೀರು ಬೇಗ ಕಾಯದೆಂದು, ಕಟ್ಟಿಗೆ ಹಾಳುಮಾಡುತ್ತಾಳೆಂದು, ಹೊಳೆದಂಡೆಯವಳಿಗೆ ಕೈಗುಣವಿಲ್ಲವೆಂದು ತಮ್ಮ ಅತ್ತೆ ಅನ್ನುತ್ತಿದ್ದರು; ಅದಕ್ಕೆಂದೇ ಯಾರೂ ಇಲ್ಲದ ಹೊತ್ತಿನಲ್ಲಿ ಕುಳಿತು ಕೆತ್ತುತ್ತಿದ್ದೆ ಎಂದರು. ಮುಂದೆ ಹೊಳೆಯ ನೀರಿನ ನಲ್ಲಿ ಬಂದಾಗ ಹಿರಿಯಾಕೆ ಆ ನೀರನ್ನು ಕೊಡದಲ್ಲಿ ಹಿಡಿದಿಡುವ ಪದ್ಧತಿ ಹಾಕಿದರು. ಏಕೆಂದು ಸೊಸೆಗೆ ಹೇಳಲಿಲ್ಲ, ಸೊಸೆ ಕೇಳಲಿಲ್ಲ. ಕಾರಣ ಒಂದು ತಲೆಮಾರಿನೊಡನೆ ತೀರಿಹೋಗಿ ಆಚಾರವೊಂದೇ ಉಳಿಯಿತು. ಕಾರಣ ಗೊತ್ತಿದ್ದಿದ್ದರೆ ಐದು ವರ್ಷಗಳ ಹಿಂದೆಯೇ ಮುಗಿಯಬಹುದಾಗಿದ್ದ ಮಾತು ಅದು. “ನನಗ ಅಂದದ್ದನ್ನ ನಾ ನಿನಗ ಅಂದೆ” ಎಂದಷ್ಟು ಹೇಳಿ ಅತ್ತೆ ಹಂಡೆಯನ್ನು ಮತ್ತೆ ಬೋರಲು ಹಾಕಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ದೊಡ್ಡ ಬದಲಾವಣೆಗಳೇನೂ ಆಗಲಿಲ್ಲ, ಸಣ್ಣವು ಆದವು. ಕೊಡಗಳು ಎರಡಾದವು; ಅಡುಗೆಯದಕ್ಕೆ ಸೊಸೆಯೂ ಕೈಹಾಕುತ್ತಾಳೆ. ಹೊಳೆಯ ನೀರು ಬಾರದ ದಿನ ಬೋರಿನ ನೀರನ್ನು ಕುದಿಸಿ ಆರಿಸಿ, ಮೇಲಿನ ತಿಳಿಯನ್ನು ಬಸಿದು ಬೇಳೆಗೆ ಹಾಕಿ, ಚಿಟಿಕೆ ಸೋಡಾ ಸೇರಿಸುತ್ತಾರೆ. ಲೋಟಗಳ ಬಿಳಿ ಕಲೆಗೆ ಹುಣಸೆಹುಳಿ ಇಲ್ಲವೆ ಹಿಂಡಿದ ಲಿಂಬೆಯ ಸಿಪ್ಪೆ. ಸುಣ್ಣಕ್ಕೆ ಹುಳಿಯೇ ಮದ್ದು. ತಲೆಗೆ ಸಾಬೂನು ಬಿಟ್ಟು ಸೀಗೆಕಾಯಿ, ಅಂಟುವಾಳ. ಇವುಗಳ ನೊರೆ ಸುಣ್ಣದೊಡನೆ ಗಸಿಯಾಗದು ಎಂಬುದು ಈಗ ತಿಳಿದದ್ದು, ಅಜ್ಜಿಯಂದಿರು ಬಳಸುತ್ತಿದ್ದುದು ತಿಳಿಯದೆಯೇ. ನೀರು ಶುದ್ಧಿಯ ಯಂತ್ರ ಮಾರುವವನು ಬಂದು, ಶುದ್ಧ ನೀರಿನೊಡನೆ ಹೊರಹೋಗುವ ನೀರಿನ ಲೆಕ್ಕವನ್ನೂ ಹೇಳಿದಾಗ, ಲಾತೂರಿನ ಗಾಡಿ ತುಂಬುವುದನ್ನು ಕಂಡಿದ್ದ ಗಂಡ ಬೇಡವೆಂದು ಕಳಿಸಿದ. ಮಳೆಗಾಲದಲ್ಲಿ ಮಾಳಿಗೆಯ ದೋಣಿಯ ಕೆಳಗೆ ಒಂದು ಪೀಪಾಯಿ ಖಾಯಂ ಆಗಿ ನಿಂತಿತು.

ಕೆಲವು ವರ್ಷಗಳ ಬಳಿಕ ಎದುರು ಮನೆಗೆ ಹೊಸ ಮದುವಣಗಿತ್ತಿ ಬಂದಳು. ಕೊಂಕಣದ ಕಡೆಯ ಮರಾಠಿ ಹುಡುಗಿ. ಆಕೆ ಬಂದ ಮೂರನೆಯ ದಿನ ಬೆಳಿಗ್ಗೆ, ಆ ಮನೆಯ ಕುಕ್ಕರು ಮೊದಲ ಕೂಗು ಹಾಕುವ ಮುನ್ನವೇ, ಅತ್ತೆ ಅಡುಗೆಯ ಕೊಡವನ್ನು ಸೊಂಟಕ್ಕೇರಿಸಿಕೊಂಡು ಬೀದಿ ದಾಟಿದರು. ಸೊಸೆ ತಾನು ಒಯ್ಯುತ್ತೇನೆಂದಳು, ಕೊಡಲಿಲ್ಲ. ಎದುರು ಮನೆಯ ಹೊಸ್ತಿಲಲ್ಲಿ ಕೊಡ ಇಳಿಸಿ, ತಮ್ಮ ಹರಕು ಮರಾಠಿಯಲ್ಲಿ ಆ ಹುಡುಗಿಗೂ, ಅವಳ ಹಿಂದೆ ನಿಂತಿದ್ದ ಅವಳ ಅತ್ತೆಗೂ ಕೇಳುವಂತೆ ಹೇಳಿದರು: ಬೇಳೆಗೆ ಈ ನೀರು ಹಾಕು ಮಗಳೇ, ನಲ್ಲಿಯ ನೀರು ಜಡ.